ಒಂದೇ ಬೋಲ್ಟು, ನಾಲ್ಕು ಹೆಸರು

ಪೀಣ್ಯ ಎರಡನೇ ಹಂತದಲ್ಲಿ ನನ್ನದೊಂದು ಶೆಡ್ ಇದೆ. ಮೂರು ಸಿಎನ್‌ಸಿ, ಎರಡು ಹಳೇ ಲೇತು, ಇಪ್ಪತ್ತೆರಡು ಜನ. ಇಆರ್‌ಪಿ ಸಾಫ್ಟ್‌ವೇರ್ ಹಾಕಿಸಿದ್ದು ಆಸೆಯಿಂದಲ್ಲ, ಭಯದಿಂದ. 2020ರಲ್ಲಿ 500 ಕೋಟಿ ವಹಿವಾಟಿನವರಿಗೆ ಶುರುವಾದ ಇ-ಇನ್‌ವಾಯ್ಸ್, 2023ರ ಆಗಸ್ಟ್ 1ಕ್ಕೆ 5 ಕೋಟಿ ದಾಟಿದವರಿಗೂ ಕಡ್ಡಾಯವಾಯಿತು. ನಾವು ಆಗಷ್ಟೇ ಆ ಗೆರೆ ದಾಟಿದ್ದೆವು. ಬಿಲ್ಲಿಗೆ ಮಾತ್ರವಾದರೆ ಹಳೇ ಸಾಫ್ಟ್‌ವೇರೇ ಸಾಕಿತ್ತು. ‘ಹೇಗೂ ಮಾಡ್ತೀರಲ್ಲ ಸಾರ್, ಸ್ಟೋರು, ಖರೀದಿ, ಜಾಬ್‌ವರ್ಕ್ ಎಲ್ಲಾ ಒಂದೇ ಕಡೆ ತಂದುಬಿಡಿ’ ಅಂದ ಮಾರಲು ಬಂದ ಹುಡುಗ. ತಂದೆವು.

ಮೂರನೇ ತಿಂಗಳ ಒಂದು ಶನಿವಾರ ಸಂಜೆ. ಗೇಟಿನಲ್ಲಿ ಟೆಂಪೊ ಕಾಯುತ್ತಿದೆ. ಜಿಂಕ್ ಪ್ಲೇಟಿಂಗ್ ಆಗಿ ಬಂದ 400 ಪಿನ್ನುಗಳು ಕಣ್ಣೆದುರೇ ಹೊಳೆಯುತ್ತಿವೆ. ಕಂಪ್ಯೂಟರ್ ಮಾತ್ರ ‘ಸ್ಟಾಕ್ ಸೊನ್ನೆ’ ಅನ್ನುತ್ತದೆ, ಬಿಲ್ ಕೊಡುವುದಿಲ್ಲ. ಮಾಲು ಗುರುವಾರವೇ ವಾಪಸ್ ಬಂದಿತ್ತು; ಅದರ ಡಿಸಿ, ಅಂದರೆ ಡೆಲಿವರಿ ಚಲನ್, ಕಂಪ್ಯೂಟರಿಗೆ ಹತ್ತದೆ ಚಹಾ ಲೋಟದ ಕೆಳಗಿತ್ತು. ‘ಸ್ಟಾಕ್ ಅಡ್ಜಸ್ಟ್‌ಮೆಂಟ್’ ಅಂತ 400 ಸೇರಿಸಿ ಟೆಂಪೊ ಕಳಿಸಿದೆವು. ಸೋಮವಾರ ಯಾರೋ ಡಿಸಿಯನ್ನೂ ಹಾಕಿದರು. ಶೆಡ್ಡಿನಲ್ಲಿ ಒಂದೂ ಪಿನ್ನಿಲ್ಲ, ಪರದೆಯಲ್ಲಿ 400. ಆ ಅಡ್ಜಸ್ಟ್‌ಮೆಂಟ್ ರುಚಿ ಹತ್ತಿದರೆ ಬಿಡುವುದಿಲ್ಲ, ನಶ್ಯದ ಹಾಗೆ.

ಸಾಫ್ಟ್‌ವೇರನ್ನು ಬೈದೆ. ಬೈಯಬೇಕಿದ್ದದ್ದು ನನ್ನನ್ನೇ. ಸ್ಟೋರಿನವರು ಹದಿನೆಂಟು ವರ್ಷದಿಂದ ನಮ್ಮಲ್ಲಿದ್ದಾರೆ; ತರಬೇತಿಗೆ ಅವರನ್ನು ಕೂರಿಸಲೇ ಇಲ್ಲ. ಮಗನನ್ನು ಕೂರಿಸಿದೆ, ಇಂಗ್ಲಿಷ್ ಬರುತ್ತದೆಂದು. ಅವನು ಮೂರು ದಿನದಲ್ಲಿ ಐಟಂ ಪಟ್ಟಿ ತುಂಬಿದ. ಆ ಪಟ್ಟಿಯಲ್ಲಿ ಒಂದೇ ಬೋಲ್ಟು ‘ಅಲೆನ್ ಬೋಲ್ಟ್ 12’, ‘ಎಂ12 ಸಾಕೆಟ್ ಹೆಡ್’, ‘ಅಲೆನ್ ಸ್ಕ್ರೂ 12 ಇಂಟು 40’, ‘ಬೋಲ್ಟ್ ಉದ್ದ’ ಅಂತ ನಾಲ್ಕು ಸಲ ಹುಟ್ಟಿತ್ತು. ಒಂದು ಹೆಸರಿನಲ್ಲಿ ಸೊನ್ನೆ ಕಂಡು ಮತ್ತೆ ತರಿಸಿದೆವು. ಡಬ್ಬದಲ್ಲಿ ಮುನ್ನೂರು ಬಿದ್ದಿದ್ದವು.

ದೊಡ್ಡವರೂ ಎಡವಿದ್ದಾರೆ. ಜರ್ಮನಿಯ ಲಿಡ್ಲ್ ಅಂಗಡಿ ಸರಣಿ ಸುಮಾರು 50 ಕೋಟಿ ಯೂರೊ ಸುರಿದ ಇಂಥದೇ ಸಾಫ್ಟ್‌ವೇರ್ ಯೋಜನೆಯನ್ನು 2018ರಲ್ಲಿ ಕೈಬಿಟ್ಟಿತು. ಅವರು ಸ್ಟಾಕನ್ನು ಕೊಂಡ ಬೆಲೆಯಲ್ಲಿ ಅಳೆಯುವವರು, ಸಾಫ್ಟ್‌ವೇರು ಮಾರುವ ಬೆಲೆಯಲ್ಲಿ; ಇದೂ ಒಂದು ಕಾರಣವೆಂದು ಆಗ ಪತ್ರಿಕೆಗಳು ಬರೆದವು.

ಹಾಗಂತ ಇಆರ್‌ಪಿ ಬೇಡವೆನ್ನಲಾರೆ. ಪ್ಲೇಟಿಂಗ್‌ನಂಥ ಜಾಬ್‌ವರ್ಕ್‌ಗೆ ಹೊರಗೆ ಕಳಿಸಿದ ಮಾಲು ಒಂದು ವರ್ಷದೊಳಗೆ ಹಿಂದಿರುಗದಿದ್ದರೆ, ಜಿಎಸ್‌ಟಿ ಲೆಕ್ಕದಲ್ಲಿ ಅದು ಕಳಿಸಿದ ದಿನವೇ ಮಾರಿದಂತೆ. ಹಿಂದೆ ಇದು ಆಡಿಟರ್ ಬಂದಾಗಲಷ್ಟೇ ನೆನಪಾಗುತ್ತಿತ್ತು. ಈಗ ಯಾವ ಶೆಡ್ಡಿನಲ್ಲಿ ನಮ್ಮ ಮಾಲು ಎಷ್ಟು ದಿನದಿಂದ ಕೂತಿದೆಯೆಂದು ಬೆಳಿಗ್ಗೆಯೇ ಕಾಣುತ್ತದೆ. ಆದರೆ ಲೈಸೆನ್ಸಿಗೆ ಲಕ್ಷಗಟ್ಟಲೆ ಕೊಡುವ ನಮ್ಮಂಥವರು ಮಾಲು ಎಣಿಸಲು ಎರಡು ಭಾನುವಾರದ ಓಟಿ ಕೊಡಲು ಹಿಂದೆಮುಂದೆ ನೋಡುತ್ತೇವೆ. ಮಾರುವವರೂ ಅಷ್ಟೇ, ಐಟಂ ಹೆಸರನ್ನು ಕನ್ನಡದಲ್ಲಿ ಹಾಕಬಹುದೇ ಎಂದರೆ ನಕ್ಕುಬಿಡುತ್ತಾರೆ.

ನಾವು ಹಳೇ ಪಟ್ಟಿ ಅಳಿಸಿ, ಸ್ಟೋರಿನವರನ್ನು ಪಕ್ಕಕ್ಕೆ ಕೂರಿಸಿಕೊಂಡು ಮೊದಲಿಂದ ಬರೆದೆವು. ಐದು ವಾರ ಹಿಡಿಯಿತು. ಹೊಸ ಐಟಂ ಸೇರಿಸುವ ಪಾಸ್‌ವರ್ಡ್ ಈಗ ಅವರೊಬ್ಬರದೇ. ಮೊನ್ನೆ ನಾನೇ ಒಂದು ವಾಷರ್ ತಂದು, ಬೇಗ ಹಾಕಿ ಅಂದೆ. ಅವರು ಕನ್ನಡಕ ಏರಿಸಿ ಅದನ್ನು ತಿರುವಿ ನೋಡಿ, ‘ಇದು ಆಗಲೇ ಇದೆ ಸಾರ್, ಮೂರನೇ ರ‍್ಯಾಕು’ ಅಂದರು.