ರಾಡ್‌ಮನ್ ಬಂದದ್ದರಿಂದಲೇ ಗೆದ್ದರೆ?

ಬ್ಯಾಸ್ಕೆಟ್‌ಬಾಲ್ ಆಡುವವರಿಗೆ ರಜೆ ಬಂದರೆ ವಾದ ಮಾಡುವವರಿಗೆ ಸುಗ್ಗಿ. ಅಮೆರಿಕದ ಎನ್‌ಬಿಎ ಪಂದ್ಯಾವಳಿ ಜೂನ್‌ನಲ್ಲಿ ಮುಗಿದರೆ ಮತ್ತೆ ಆರಂಭವಾಗುವುದು ಅಕ್ಟೋಬರ್ ಹೊತ್ತಿಗೆ. ನಡುವಿನ ತಿಂಗಳುಗಳಲ್ಲಿ ತಂಡಗಳು ಆಟಗಾರರನ್ನು ಬಿಡುತ್ತವೆ, ಕರೆತರುತ್ತವೆ, ಅದಲು ಬದಲು ಮಾಡಿಕೊಳ್ಳುತ್ತವೆ. ‘ಇಷ್ಟು ಮಾಡಿದ್ದು ಸಾಕೇ?’ ಎಂಬ ಚರ್ಚೆ ಕಾವೇರುವುದು ಆಗಲೇ. ನಮ್ಮ ಹುಡುಗರೂ ಈಗ ಮೊಬೈಲಿನಲ್ಲಿ ಇದನ್ನೆಲ್ಲ ನೋಡಿ ಬಂದು ಬಿಡುವಿನ ವೇಳೆಯಲ್ಲಿ ಜಗಳವಾಡುತ್ತಾರೆ. ನಾನು ಬಿಡಿಸಲು ಹೋಗುವುದಿಲ್ಲ. ಏಕೆಂದರೆ ಅದು ಪ್ರಯೋಗಶಾಲೆಯದೇ ಪ್ರಶ್ನೆ. ಒಂದು ಬದಲಾವಣೆ ಮಾಡಿದೆವು, ಫಲ ಬಂತು. ಆ ಫಲ ಆ ಬದಲಾವಣೆಯದೇ ಎಂದು ಹೇಳುವುದು ಹೇಗೆ?

ಪ್ರಸಿದ್ಧ ಉದಾಹರಣೆಯೊಂದನ್ನು ನೋಡೋಣ. 1994ರಲ್ಲಿ ಷಿಕಾಗೋ ಬುಲ್ಸ್ ತಂಡವನ್ನು ಹೊರೇಸ್ ಗ್ರಾಂಟ್ ಬಿಟ್ಟು ಆರ್ಲ್ಯಾಂಡೊ ತಂಡ ಸೇರಿದರು. ಮರುವರ್ಷ ಅದೇ ಆರ್ಲ್ಯಾಂಡೊ ಬುಲ್ಸ್ ತಂಡವನ್ನು 4-2ರಿಂದ ಸೋಲಿಸಿ ಮನೆಗೆ ಕಳಿಸಿತು. ಷಿಕಾಗೋದ ಅಂಗಳದಲ್ಲೇ ಗ್ರಾಂಟ್ ಅವರನ್ನು ಜೊತೆಗಾರರು ಹೆಗಲ ಮೇಲೆ ಹೊತ್ತು ಕುಣಿದರು. ಬುಲ್ಸ್‌ಗೆ ಕೊರತೆ ಎಲ್ಲಿದೆ ಎಂಬುದು ಎಲ್ಲರಿಗೂ ಕಂಡಿತು. ಬುಟ್ಟಿ ತಪ್ಪಿದ ಚೆಂಡನ್ನು ಹಿಡಿಯುವವರಿಲ್ಲ!

1995ರ ಅಕ್ಟೋಬರ್‌ನಲ್ಲಿ ಬುಲ್ಸ್, ವಿಲ್ ಪರ್ಡ್ಯೂ ಅವರನ್ನು ಸ್ಯಾನ್ ಆಂಟೋನಿಯೊ ತಂಡಕ್ಕೆ ಕೊಟ್ಟು ಡೆನಿಸ್ ರಾಡ್‌ಮನ್ ಅವರನ್ನು ತಂದಿತು. ವಯಸ್ಸು 34. ತಲೆಗೂದಲಿಗೆ ದಿನಕ್ಕೊಂದು ಬಣ್ಣ. ಶಿಸ್ತಿನ ಕ್ರಮಕ್ಕೆ ಹೊಸಬರಲ್ಲ. ಹಿಂದೆ ಡೆಟ್ರಾಯಿಟ್‌ಗೆ ಆಡುತ್ತಿದ್ದಾಗ ಇದೇ ಬುಲ್ಸ್‌ನ ಪಿಪ್ಪೆನ್ ಅವರನ್ನು ದೂಡಿ ಗದ್ದಕ್ಕೆ ಗಾಯ ಮಾಡಿದವರು. ಇಂಥವರನ್ನು ಮನೆಯೊಳಗೆ ಕರೆದುಕೊಳ್ಳುವುದೇ ಎಂದು ಅನೇಕರು ಹುಬ್ಬೇರಿಸಿದರು. ಆದರೆ ಸತತ ನಾಲ್ಕು ವರ್ಷ ಲೀಗಿನಲ್ಲಿ ಅತಿ ಹೆಚ್ಚು ರೀಬೌಂಡ್ ಹಿಡಿದವರೂ ಅವರೇ.

ರೀಬೌಂಡ್ ಎಂದರೆ ಎತ್ತರದವರ ಕೆಲಸ ಎಂದು ನಮ್ಮ ಶಾಲಾ ತಂಡಗಳಲ್ಲೂ ಭಾವಿಸುತ್ತಾರೆ. ರಾಡ್‌ಮನ್ ಆ ಆಟದ ಲೆಕ್ಕದಲ್ಲಿ ದೈತ್ಯರೇನಲ್ಲ, ಆರು ಅಡಿ ಏಳು ಅಂಗುಲ. ಅವರು ಅಭ್ಯಾಸದ ವೇಳೆ ಜೊತೆಗಾರರು ಎಸೆಯುವ ಚೆಂಡು ಹೇಗೆ ತಿರುಗುತ್ತದೆ, ಬಳೆಗೆ ಬಡಿದು ಯಾವ ಕಡೆ ಸಿಡಿಯುತ್ತದೆ ಎಂದು ನೋಡುತ್ತಾ ನಿಲ್ಲುತ್ತಿದ್ದರಂತೆ. ಭೌತಶಾಸ್ತ್ರದ ಮೇಷ್ಟ್ರಿಗೆ ಇದಕ್ಕಿಂತ ಸಂತೋಷದ ಸಂಗತಿ ಇನ್ನೇನಿದೆ? ಬಳೆಯ ವ್ಯಾಸ 18 ಅಂಗುಲ, ಚೆಂಡಿನದು ಅದರ ಅರ್ಧಕ್ಕಿಂತ ತುಸು ಹೆಚ್ಚು. ಬದಿಯಿಂದ ಎಸೆದ ಚೆಂಡು ಗುರಿ ತಪ್ಪಿದರೆ ಹೆಚ್ಚಿನ ಸಲ ಎದುರು ಬದಿಗೆ ಹಾರುತ್ತದೆ. ದೂರದಿಂದ ಎಸೆದದ್ದು ದೂರಕ್ಕೆ ಪುಟಿಯುತ್ತದೆ. ಇದು ತಿಳಿದವನು ಇತರರು ಜಿಗಿಯುವ ಮೊದಲೇ ಜಾಗದಲ್ಲಿ ನಿಂತಿರುತ್ತಾನೆ. ಎಸೆತಗಳಲ್ಲಿ ಸುಮಾರು ಅರ್ಧ ತಪ್ಪುತ್ತವೆ ಎಂಬುದನ್ನು ನೆನೆದರೆ, ಅವು ಯಾರ ಕೈ ಸೇರುತ್ತವೆ ಎಂಬುದು ಸಣ್ಣ ಮಾತಲ್ಲ.

ಫಲ? 1994-95ರಲ್ಲಿ 82 ಪಂದ್ಯಗಳಲ್ಲಿ 47 ಗೆದ್ದಿದ್ದ ತಂಡ 1995-96ರಲ್ಲಿ 72 ಗೆದ್ದಿತು. ಆರ್ಲ್ಯಾಂಡೊವನ್ನು 4-0, ಫೈನಲ್‌ನಲ್ಲಿ ಸಿಯಾಟಲ್ ತಂಡವನ್ನು 4-2ರಿಂದ ಸೋಲಿಸಿತು. ‘25 ಗೆಲುವು ಹೆಚ್ಚಾಯಿತು, ಎಲ್ಲ ರಾಡ್‌ಮನ್ ಮಹಿಮೆ’ ಎನ್ನುವವರು ಇದ್ದಾರೆ.

ಸ್ವಲ್ಪ ತಾಳಿ. ಬದಲಾದದ್ದು ಒಂದೇ ಅಂಶವೇ? ಬೇಸ್‌ಬಾಲ್ ಆಡಲು ಹೋಗಿದ್ದ ಮೈಕೇಲ್ ಜೋರ್ಡಾನ್ 1995ರ ಮಾರ್ಚ್‌ನಲ್ಲಷ್ಟೇ ಹಿಂದಿರುಗಿದ್ದರು. ಆ ವರ್ಷ ಲೀಗಿನಲ್ಲಿ ಅವರು ಆಡಿದ್ದು ಕೊನೆಯ 17 ಪಂದ್ಯ. ಆ 17ರಲ್ಲಿ ತಂಡ 13 ಗೆದ್ದಿತು, ಅದಕ್ಕೆ ಮೊದಲಿನ 65ರಲ್ಲಿ 34 ಮಾತ್ರ. 17ಕ್ಕೆ 13ರ ದರವನ್ನು 82ಕ್ಕೆ ವಿಸ್ತರಿಸಿದರೆ ಸುಮಾರು 63 ಬರುತ್ತದೆ. ಅಂದರೆ ಜೋರ್ಡಾನ್ ಇಡೀ ವರ್ಷ ಆಡಿದ್ದರೆ ಸಾಕು, 63ರ ಆಸುಪಾಸು ತಲುಪಬಹುದಿತ್ತು. ಉಳಿದದ್ದು 9. ಅದರಲ್ಲೂ ಜೋರ್ಡಾನ್ 1995ರ ಬೇಸಿಗೆಯಲ್ಲಿ ‘ಸ್ಪೇಸ್ ಜ್ಯಾಮ್’ ಚಿತ್ರದ ಶೂಟಿಂಗ್ ನಡುವೆಯೂ ಬಿಡದೆ ಅಭ್ಯಾಸ ಮಾಡಿದ್ದರ ಪಾಲಿದೆ, ಅದೃಷ್ಟದ ಪಾಲೂ ಇದೆ. ಮೇಲಾಗಿ 17 ಪಂದ್ಯ ತೀರ ಸಣ್ಣ ಮಾದರಿ. ನಾಣ್ಯವನ್ನು 17 ಸಲ ಚಿಮ್ಮಿ ನೋಡಿ, ಅದು ಏನೇನು ಆಟ ಆಡುತ್ತದೆಂದು ತಿಳಿಯುತ್ತದೆ.

ಇನ್ನೊಂದು ಅಳತೆಯೂ ಇದೆ. ಗೆಲುವುಗಳ ಬದಲು ಅಂಕಗಳ ಅಂತರ ನೋಡುವುದು. ಪಂದ್ಯಕ್ಕೆ ಸರಾಸರಿ ಒಂದು ಅಂಕ ಮುಂದಿದ್ದರೆ 82 ಪಂದ್ಯಗಳ ವರ್ಷದಲ್ಲಿ ಸುಮಾರು ಎರಡೂವರೆ ಗೆಲುವು ಹೆಚ್ಚು ಸಿಗುತ್ತದೆಂಬುದು ಒರಟು ಲೆಕ್ಕ. 1995-96ರಲ್ಲಿ ಬುಲ್ಸ್ ಅಂತರ ಸುಮಾರು 12. ಎರಡೂವರೆಯಿಂದ ಗುಣಿಸಿ, ಅರ್ಧ ಸಂಖ್ಯೆಯಾದ 41ಕ್ಕೆ ಕೂಡಿಸಿದರೆ 71. ನಿಜದ 72ಕ್ಕೆ ಎಷ್ಟು ಹತ್ತಿರ! ಹಿಂದಿನ ವರ್ಷದ ಅಂತರ ಸುಮಾರು 5, ಅಂದರೆ 53 ಗೆಲುವಿನ ಯೋಗ್ಯತೆ. ಸಿಕ್ಕಿದ್ದು 47. ಆ ತಂಡ ಅಂಕಪಟ್ಟಿ ತೋರಿಸಿದಷ್ಟು ಕಳಪೆಯಾಗಿರಲೇ ಇಲ್ಲ.

ಹಾಗಾದರೆ ರಾಡ್‌ಮನ್ ಬೇಕಿರಲಿಲ್ಲವೇ? ಗಾಯ, ಅಮಾನತು ಎಂದು ಅವರು ಆ ವರ್ಷ 18 ಪಂದ್ಯ ಆಡಲಿಲ್ಲ. ಇಡೀ ವರ್ಷ ತಂಡ ಸೋತದ್ದೇ 10, ಅಂದಮೇಲೆ ಅವರಿಲ್ಲದೆ ಕುಸಿದುಬಿದ್ದಿತೆನ್ನಲಾಗದು. ಆದರೆ ಫೈನಲ್ ನೋಡಿ. ಎರಡನೆಯ ಮತ್ತು ಆರನೆಯ ಪಂದ್ಯಗಳಲ್ಲಿ, ತನ್ನದೇ ತಂಡ ತಪ್ಪಿದ ಎಸೆತಗಳಲ್ಲಿ ತಲಾ 11ನ್ನು ರಾಡ್‌ಮನ್ ಮರಳಿ ಹಿಡಿದರು. ಆ ಎರಡೂ ಪಂದ್ಯ ಬುಲ್ಸ್ ಗೆದ್ದಿತು. ನನ್ನ ಅಭಿಪ್ರಾಯ ಕೇಳಿದರೆ, 72 ಗೆಲುವಿಗೆ ರಾಡ್‌ಮನ್ ಅನಿವಾರ್ಯರಾಗಿರಲಿಲ್ಲ. ಕಪ್ ಗೆಲ್ಲಲು ಬಹುಶಃ ಆಗಿದ್ದರು. ‘ಸಾಕೇ’ ಎಂದು ಕೇಳುವಾಗ ‘ಯಾವುದಕ್ಕೆ’ ಎಂಬುದನ್ನೂ ಸೇರಿಸಿಯೇ ಕೇಳಬೇಕು.

ಪೋಷಕರೂ ಏಪ್ರಿಲ್, ಮೇ ತಿಂಗಳಲ್ಲಿ ಇದೇ ವ್ಯವಹಾರ ನಡೆಸುತ್ತೀರಲ್ಲವೇ? ಮಗಳ ಟ್ಯೂಷನ್ ಬದಲಾಯಿಸಿದಿರಿ, ಅಂಕ 70ರಿಂದ 82ಕ್ಕೆ ಏರಿತು. ಕೀರ್ತಿ ಟ್ಯೂಷನ್ನಿಗೆ. ಅದೇ ವರ್ಷ ಆಕೆ ಕನ್ನಡಕ ಹಾಕಿಕೊಂಡು ಕರಿಹಲಗೆ ಕಾಣತೊಡಗಿದ್ದನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ.

ಫಲವನ್ನು ಯಾವಾಗ ಅಳೆಯಬೇಕೆಂಬುದು ಇನ್ನೊಂದು ತೊಡಕು. ಸೋತ ತಂಡಗಳಿಗೆ ಹೊಸ ಆಟಗಾರರನ್ನು ಆರಿಸಿಕೊಳ್ಳುವಲ್ಲಿ ಮುಂದಿನ ಸರದಿ ಕೊಡುವ ಡ್ರಾಫ್ಟ್ ಪದ್ಧತಿ ಎನ್‌ಬಿಎಯಲ್ಲಿದೆ. 2013ರಲ್ಲಿ ಬ್ರೂಕ್ಲಿನ್ ನೆಟ್ಸ್ ತಂಡ 37 ವರ್ಷದ ಕೆವಿನ್ ಗಾರ್ನೆಟ್, 35ರ ಪಾಲ್ ಪಿಯರ್ಸ್ ಅವರನ್ನು ಬಾಸ್ಟನ್‌ನಿಂದ ಪಡೆದು, 2014, 2016, 2018ರ ತನ್ನ ಮೊದಲ ಸುತ್ತಿನ ಸರದಿಗಳನ್ನು ಬಿಟ್ಟುಕೊಟ್ಟಿತು. 2017ರದನ್ನು ಅದಲುಬದಲು ಮಾಡಿಕೊಳ್ಳುವ ಹಕ್ಕನ್ನೂ ಕೊಟ್ಟಿತು. ಈ ಸಲ ಕಪ್ ನೆಟ್ಸ್‌ನದೇ ಎಂದವರು ಕಡಿಮೆಯಿರಲಿಲ್ಲ. ಹಿಂದಿನ ವರ್ಷ 49 ಗೆದ್ದಿದ್ದವರು 44ಕ್ಕೆ ಇಳಿದರು, ಎರಡನೆಯ ಸುತ್ತಿನಲ್ಲಿ ಮಯಾಮಿಗೆ ಸೋತರು. ಬಾಸ್ಟನ್ ಕಾದಿತು. 2016ರ ಸರದಿಯಲ್ಲಿ ಜೇಲನ್ ಬ್ರೌನ್ ಬಂದರು. 2017ರದನ್ನು ಮತ್ತೊಂದು ತಂಡದೊಡನೆ ವಿನಿಮಯ ಮಾಡಿ ಜೇಸನ್ ಟೇಟಮ್ ಅವರನ್ನು ಪಡೆದರು. 2024ರಲ್ಲಿ ಬಾಸ್ಟನ್ ಚಾಂಪಿಯನ್. ಫೈನಲ್‌ನ ಶ್ರೇಷ್ಠ ಆಟಗಾರ ಬ್ರೌನ್. ವ್ಯಾಪಾರ ಪೂರ್ತಿ ಕುದುರಲು ಹನ್ನೊಂದು ವರ್ಷ!

ವಿದ್ಯಾರ್ಥಿಗಳಿಗೆ ಒಂದು ಕೆಲಸ. ಬರುವ ಅಕ್ಟೋಬರ್‌ನಲ್ಲಿ ನಿಮಗಿಷ್ಟವಾದ ಒಂದು ತಂಡ ಹಿಡಿಯಿರಿ. ಯಾರು ಹೋದರು, ಯಾರು ಬಂದರು, ಹಿಂದಿನ ವರ್ಷದ ಅಂಕಗಳ ಅಂತರವೆಷ್ಟು ಎಂದು ಬರೆದುಕೊಳ್ಳಿ. ಎಷ್ಟು ಗೆಲ್ಲುತ್ತದೆಂದು ಅಂದಾಜು ಮಾಡಿ, ಕಾರಣ ಸಹಿತ, ದಿನಾಂಕ ಹಾಕಿ ಮಡಿಸಿಡಿ. ಏಪ್ರಿಲ್‌ವರೆಗೆ ತಿದ್ದುವಂತಿಲ್ಲ. ಪೆನ್ಸಿಲ್‌ನಲ್ಲಂತೂ ಬರೆಯಲೇಬೇಡಿ.