ಗಂಟು ಕರಗಿತೆಂದು ದವಾಖಾನೆ ಬಿಡಬೇಡಿ



ಬೆಲೆ, ಸಾಲ, ಬಡ್ಡಿ ಅಂತ ಬರೆಯುವ ಈ ಪತ್ರಿಕೆಯಲ್ಲಿ ಈ ಸಲ ಬಾಯಿ ಕ್ಯಾನ್ಸರಿನ ಮಾತು ತೆಗೆದಿದ್ದೇನೆ. ಇದೂ ಸಾಲದ ಮಾತೇ ಅನ್ನುವುದು ಓದಿದ ಮೇಲೆ ನಿಮಗೇ ತಿಳಿದೀತು.

ಹಳಿಯಾಳ ಕಡೆ ನನ್ನ ಪರಿಚಯದ ಒಬ್ಬ ಕಬ್ಬು ಬೆಳೆಗಾರನಿದ್ದ. ಮೂರೆಕರೆ ಹೊಲ. ಗಲ್ಲದ ಒಳಗೆ ಹುಣ್ಣಾಗಿ, ಬಾಯಿ ತೆರೆಯಲು ಬಾರದಂತಾದ ಮೇಲೆ ಹುಬ್ಬಳ್ಳಿಗೆ ಹೋದ. ರೋಗ ಬಹಳ ಹಬ್ಬಿದೆ, ಈಗಲೇ ಕೊಯ್ದರೆ ಪೂರ್ತಿ ತೆಗೆಯಲು ಆಗುವುದಿಲ್ಲ, ಮೊದಲು ಕೀಮೋ ಕೊಟ್ಟು ನೋಡೋಣ ಅಂದರು. ಎರಡು ಸಲ ಸಲಾಯಿನ್ ಹಚ್ಚಿ ಔಷಧ ಏರಿಸಿದರು. ಗಂಟು ಕುಗ್ಗಿತು, ನೋವು ಇಳಿಯಿತು, ರೊಟ್ಟಿ ನುಂಗಲು ಬಂತು. "ಅರಾಮ ಆಗೇತಿ, ಇನ್ಯಾಕ ಕೊಯ್ಸಿಕೊಳ್ಳೂದು? ಸಾಲಾನೂ ಬಾಳ ಆಗೇತಿ" ಅಂತ ಊರಿಗೆ ಬಂದುಬಿಟ್ಟ. ಮೂರೇ ತಿಂಗಳಲ್ಲಿ ಗಂಟು ಮೊದಲಿಗಿಂತ ದೊಡ್ಡದಾಯಿತು. ಹೊಲ ಹೋಯಿತು, ಮನೆಯ ಯಜಮಾನನೂ ಹೋದ.

ಆಪರೇಷನ್ನಿಗೆ ಮುಂಚೆ ಕೊಡುವ ಕೀಮೋ ಹೊಲ ಹದ ಮಾಡಿದ ಹಾಗೆ. ಹದ ಮಾಡಿ ಬಿತ್ತದೇ ಬಿಟ್ಟರೆ ಬೆಳೆಯುವುದು ಕಳೆಯೇ. ಮುಂಬಯಿಯ ಟಾಟಾ ಆಸ್ಪತ್ರೆಯವರು, ಕೊಯ್ಯಲು ಬಾರದಷ್ಟು ಬಾಯಿ ಕ್ಯಾನ್ಸರ್ ಬೆಳೆದಿದ್ದ 721 ರೋಗಿಗಳಿಗೆ ಹೀಗೆ ಮೊದಲು ಕೀಮೋ ಕೊಟ್ಟ ಲೆಕ್ಕವನ್ನು 2014ರಲ್ಲಿ ಪ್ರಕಟಿಸಿದರು. ನೂರಕ್ಕೆ 43 ಜನರಿಗೆ ಗಂಟು ಕುಗ್ಗಿ ಆಪರೇಷನ್ ಸಾಧ್ಯವಾಯಿತು. ಹಾಗೆ ಆಪರೇಷನ್ ಆದವರೇ ಉಳಿದವರಿಗಿಂತ ಹೆಚ್ಚು ಕಾಲ ಬದುಕಿದರು.

ಆದರೆ ಇನ್ನೊಂದು ಮಗ್ಗುಲೂ ಇದೆ. ಮೊದಲೇ ಕೊಯ್ಯಲು ಬರುವ ಗಂಟಿಗೆ ಮುಂಚಿತ ಕೀಮೋದಿಂದ ಆಯುಷ್ಯ ಹೆಚ್ಚಲಿಲ್ಲವೆಂದು ಶಾಂಘೈಯಲ್ಲಿ 256 ರೋಗಿಗಳ ಮೇಲೆ ನಡೆದು 2013ರಲ್ಲಿ ಪ್ರಕಟವಾದ ಪರೀಕ್ಷೆ ತೋರಿಸಿತು. ಆದ್ದರಿಂದ ಡಾಕ್ಟರರನ್ನು ಧೈರ್ಯವಾಗಿ ಕೇಳಿ: ಈಗಲೇ ಆಪರೇಷನ್ ಆಗುತ್ತದೆಯೇ? ಆಗುವುದಾದರೆ ಮೊದಲು ಕೀಮೋ ಯಾಕೆ? ಆಗದಿದ್ದರೆ ಎಷ್ಟು ಸಲ ಕೀಮೋ, ಮತ್ತೆ ಸ್ಕ್ಯಾನ್ ಯಾವಾಗ? ಕೇಳುವುದು ನಿಮ್ಮ ಹಕ್ಕು.

ಈಗ ಲೆಕ್ಕಕ್ಕೆ ಬನ್ನಿ. 21 ದಿನಕ್ಕೊಮ್ಮೆಯಂತೆ ಎರಡು ಮೂರು ಕೀಮೋ, ಆಮೇಲೆ ಆಪರೇಷನ್, ಅದು ಮಾಯ್ದ ಮೇಲೆ ಕರೆಂಟು ಕೊಡುವುದು ಅಂತ ನಾವು ಅನ್ನುವ ವಿಕಿರಣ ಚಿಕಿತ್ಸೆ ಸುಮಾರು ಆರು ವಾರ. ಎಲ್ಲ ಕೂಡಿ ಐದಾರು ತಿಂಗಳು, ಅಂದರೆ ಒಂದು ಮುಂಗಾರು ಬೆಳೆಯ ಕಾಲ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಉಂಟು. ಎಪಿಎಲ್‌ನವರಿಗೆ ಖರ್ಚಿನ ಶೇ. 30, ಹೆಚ್ಚೆಂದರೆ ಒಂದೂವರೆ ಲಕ್ಷ. ಹೊಲ ಅಡವಿಡುವ ಮೊದಲು ಈ ಕಾರ್ಡು ಮಾಡಿಸಿ. ಆದರೆ ಜೋಯಿಡಾದಿಂದ, ಮುಂಡಗೋಡದಿಂದ ಹುಬ್ಬಳ್ಳಿಗೆ ಓಡಾಡುವ ಬಸ್ ಚಾರ್ಜು, ಊಟ, ಜೊತೆಗೆ ಹೋದ ಮಗನ ಕೂಲಿ ಯಾವ ಕಾರ್ಡಿನಲ್ಲೂ ಬರುವುದಿಲ್ಲ. ಅಲ್ಲಿಯೇ ಕೈಸಾಲ ಶುರು. ಸೊಸೈಟಿಯ ಶೂನ್ಯ ಬಡ್ಡಿ ಬೆಳೆಸಾಲವೂ ವಾಯಿದೆಯೊಳಗೆ ಕಟ್ಟಿದರೆ ಮಾತ್ರ ಶೂನ್ಯ ಬಡ್ಡಿ. ಹಾಸಿಗೆ ಹಿಡಿದವ ವಾಯಿದೆ ಹೇಗೆ ಪಾಲಿಸಬೇಕು?

ಅದಕ್ಕೇ ನಮ್ಮ ಬೇಡಿಕೆ ಎರಡು. ಕ್ಯಾನ್ಸರ್ ಚಿಕಿತ್ಸೆಯಲ್ಲಿರುವ ಮನೆಯ ಬೆಳೆಸಾಲಕ್ಕೆ ಬಡ್ಡಿಯಿಲ್ಲದೆ ಒಂದು ವರ್ಷ ವಾಯಿದೆ ಮುಂದೂಡಲಿ. ಕೀಮೋ ನಡುವಿನ ರಕ್ತ ಪರೀಕ್ಷೆ ಹಳಿಯಾಳ, ದಾಂಡೇಲಿ, ಜೋಯಿಡಾ, ಮುಂಡಗೋಡಗಳ ಸರಕಾರಿ ದವಾಖಾನೆಯಲ್ಲೇ ಆಗಲಿ. ಮೂರು ವರ್ಷದೊಳಗೆ ಎಲ್ಲ ಜಿಲ್ಲಾ ಆಸ್ಪತ್ರೆಗಳಲ್ಲಿ ಡೇ ಕೇರ್ ಕ್ಯಾನ್ಸರ್ ಕೇಂದ್ರ ಅಂತ 2025ರ ಕೇಂದ್ರ ಬಜೆಟ್ಟಿನಲ್ಲಿ ಹೇಳಿದ್ದಾರೆ. ಒಳ್ಳೆಯದು. ಆದರೆ ನಮಗೆ ಕಾರವಾರವೆಂದರೆ ಘಟ್ಟ ಇಳಿಯಬೇಕು.

ನಮ್ಮ ತಪ್ಪನ್ನೂ ಹೇಳಿಬಿಡುತ್ತೇನೆ. ರಾಜ್ಯದಲ್ಲಿ ಗುಟ್ಕಾ ನಿಷೇಧವಾದದ್ದು 2013ರಲ್ಲಿ. ಈಗ ಮಸಾಲಾ ಒಂದು ಚೀಟಿ, ತಂಬಾಕು ಇನ್ನೊಂದು ಚೀಟಿ. ಕೂಡಿಸಿ ಹಾಕಿಕೊಳ್ಳುವವರು ನಾವೇ. ಅಡಿಕೆಗೆ ಬೆಲೆ ಕೇಳೋಣ, ಹೋರಾಡೋಣ. ಗಲ್ಲದಲ್ಲಿ ಇಟ್ಟುಕೊಳ್ಳುವುದು ಬೇಡ.

ಬಾಯಲ್ಲಿ ಹುಣ್ಣು ಮೂರು ವಾರಕ್ಕೂ ಮಾಯದಿದ್ದರೆ ಈ ವಾರವೇ ತೋರಿಸಿ. ಚಿಕಿತ್ಸೆ ಶುರು ಮಾಡಿದರೆ ಡಾಕ್ಟರರು ಸಾಕು ಅನ್ನುವ ತನಕ ಬಿಡಬೇಡಿ. ನಿಮ್ಮ ಸೊಸೈಟಿಯ ಮುಂದಿನ ಸಭೆಯಲ್ಲಿ ವಾಯಿದೆ ಮುಂದೂಡುವ ಠರಾವು ಮಂಡಿಸಿ. ಯಾರೂ ಏಳದಿದ್ದರೆ ನೀವೇ ಎದ್ದು ನಿಲ್ಲಿ.