ಕೆರೆಗೆ ಬಿಡುವ ಮುನ್ನ ಮೂರನೇ ಹಂತ

ಬೆಂಗಳೂರಿನ ಕೊಳಚೆ ನೀರನ್ನು ಎರಡು ಹಂತಗಳಲ್ಲಿ ಶುದ್ಧೀಕರಿಸಿ ಕೋಲಾರದ ಕೆರೆಗಳಿಗೆ ಹರಿಸುವ ಕೆ.ಸಿ. ವ್ಯಾಲಿ ಯೋಜನೆಯ ನೀರು 2018ರ ಜೂನ್‌ನಲ್ಲಿ ಲಕ್ಷ್ಮೀಸಾಗರ ಕೆರೆ ತಲುಪಿತು. ಮರುತಿಂಗಳೇ ಕೆರೆಯಲ್ಲಿ ನೊರೆ ಎದ್ದಿತು, ನೀರು ಹರಿಸುವುದಕ್ಕೆ ಹೈಕೋರ್ಟ್ ತಡೆ ಕೊಟ್ಟಿತು. ಆಮೇಲೆ ಹರಿವು ಮುಂದುವರಿಯಿತು. ಬತ್ತಿದ ಕೊಳವೆಬಾವಿಗಳ ಈ ಸೀಮೆಗೆ ನೀರು ಬೇಕು, ಅದನ್ನು ನಿಲ್ಲಿಸಿ ಎನ್ನುವುದು ರೈತರಿಗೆ ಬಗೆವ ದ್ರೋಹ. ಆದರೆ ಎರಡನೇ ಹಂತದಲ್ಲಿ ಸಾರಜನಕ, ರಂಜಕ ಪೂರ್ತಿ ಹೋಗುವುದಿಲ್ಲ. ಅವು ಪಾಚಿ, ಅಂತರಗಂಗೆಯನ್ನು ಬೆಳೆಸಿ ಮೀನು, ಹಕ್ಕಿಗಳ ನೆಲೆ ಕೆಡಿಸುತ್ತವೆ. ಕೆರೆಯಲ್ಲಿ ಇಂಗಿ ಕೊಳವೆಬಾವಿ ಸೇರುವುದೇ ಊರಿನ ಕುಡಿಯುವ ನೀರು. ಕೋಲಾರ ಜಿಲ್ಲೆಯ ಮುಳಬಾಗಿಲು, ತಾಯಲೂರು ಭಾಗದ ಜನ ಕೇಳಬೇಕಾದ್ದು ಇವನ್ನೂ ತೆಗೆಯುವ ಮೂರನೇ ಹಂತದ ಶುದ್ಧೀಕರಣವನ್ನು, ಪ್ರತಿ ಕೆರೆಯ ನೀರಿನ ಪರೀಕ್ಷಾ ವರದಿ ಪಂಚಾಯಿತಿ ಗೋಡೆಯ ಮೇಲೆ ಕಾಣುವುದನ್ನು. ನಮ್ಮ ಪಟ್ಟಣಗಳ ಚರಂಡಿಗೂ ಇದೇ ಅಳತೆ ಅನ್ವಯಿಸಲಿ.